ತಾಡಪತ್ರಿಯ ಸೂರೋ, ತರಗೆಲೆಯ ಗುಡಿಸಲೋ?

ಕಪ್ಪತಗುಡ್ಡದ ಇಳಿಜಾರಿನಲ್ಲೋ ಕಲಘಟಗಿಯ ಕಾಡಂಚಿನಲ್ಲೋ ದಾರಿ ತಪ್ಪಿ ಕತ್ತಲಾದರೆ ಯಾವ ಆಸರೆ ಕಟ್ಟಬೇಕು? ನನ್ನ ಆಯ್ಕೆ ತಾಡಪತ್ರಿ. ಚಾರಣಕ್ಕೆ ಹೊರಡುವ ಪ್ರತಿಯೊಬ್ಬರ ಚೀಲದಲ್ಲೂ ಅದು, ಜೊತೆಗೊಂದು ಹಗ್ಗ ಇರಲೇಬೇಕು.

ಎರಡು ಮರಗಳ ನಡುವೆ ಹಗ್ಗ ಬಿಗಿದು, ತಾಡಪತ್ರಿಯನ್ನು ಓರೆಯಾಗಿ ಇಳಿಬಿಟ್ಟು, ಅಂಚಿಗೆ ಗೂಟ ಬಡಿದರೆ ಅರ್ಧ ಗಂಟೆಯೊಳಗೆ ಸೂರು ಸಿದ್ಧ. ಇಳಿಜಾರಾದ ಬದಿ ಗಾಳಿಗೆ ಎದುರಾಗಿರಬೇಕು. ಮಳೆಗಾಲದಲ್ಲಿ ಇಲ್ಲಿ ಅದು ಸಾಮಾನ್ಯವಾಗಿ ಪಶ್ಚಿಮ ದಿಕ್ಕು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನಲ್ಲ. ಸೂರು ತಗ್ಗಾಗಿರಲಿ, ಗುಡ್ಡದ ನೆತ್ತಿಯಲ್ಲಿ ಬೇಡ, ಹಳ್ಳದ ಪಾತ್ರದಲ್ಲಂತೂ ಬೇಡವೇ ಬೇಡ.

ತರಗೆಲೆಯ ಗುಡಿಸಲಿಗೆ ಕುಡುಗೋಲೂ ಕಡ್ಡಾಯವಲ್ಲ. ಆಳುದ್ದಕ್ಕಿಂತ ತುಸು ಹೆಚ್ಚಿನ ಗಳ, ಎರಡೂ ಬದಿಗೆ ಒರಗಿಸಿದ ಬಿದ್ದ ಕೊಂಬೆಗಳು, ಅವುಗಳ ಮೇಲೆ ಎರಡು ಅಡಿಗೂ ಮಿಕ್ಕಿ ಒಣ ಎಲೆ. ಮೈಯ ಬಿಸಿಯನ್ನು ಹಿಡಿದಿಡುವುದರಲ್ಲಿ ತಾಡಪತ್ರಿ ಇದಕ್ಕೆ ಸಾಟಿಯಲ್ಲ. ಡಿಸೆಂಬರಿನ ರಾತ್ರಿಗೆ ಇದೇ ಮೇಲು. ಆದರೆ ಗಂಟೆಗಟ್ಟಲೆ ದುಡಿಯಬೇಕು, ಎಲೆರಾಶಿಯಲ್ಲಿ ಚೇಳು, ಹಾವು ಇರಬಹುದು.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಔಷಧಿ ಸಸ್ಯಗಳ ಆ ಗುಡ್ಡದಲ್ಲಿ ಅಭ್ಯಾಸಕ್ಕೆಂದು ಒಂದು ಟೊಂಗೆಯನ್ನೂ ಕಡಿಯಬೇಡಿ, ದಯವಿಟ್ಟು. ಕಲಿಯುವವರು ಹೊಲದ ಬದುವಿನಲ್ಲಿ, ಎಲೆಯ ಬದಲು ಜೋಳದ ಕಣಿಕೆ ಹೊದಿಸಿ ಕಲಿಯಲಿ.

ಎರಡರಲ್ಲೂ ನೆಲಕ್ಕೆ ಒಣಹುಲ್ಲಿನ ದಪ್ಪ ಹಾಸು ಬೇಕು. ತಣ್ಣನೆಯ ನೆಲಕ್ಕೆ ಮೈ ತಾಗಿದರೆ ಯಾವ ಸೂರೂ ಚಳಿಯನ್ನು ತಡೆಯಲಾರದು.