ಹೊಗೇನಕಲ್‌ನಲ್ಲಿ ‘ಸೈಕಲ್ ಸಮೇತ ದಾಟಿಸ್ತೀನಿ’ ಅನ್ನುವವರ ಹಿಂದೆ ಹೋಗಬೇಡಿ

ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಕಡೆಯಿಂದ ಕಾವೇರಿ ಹಾದು ಮಾದಪ್ಪನ ಬೆಟ್ಟಕ್ಕೆ ಸೈಕಲ್ ತುಳಿಯಬೇಕೆಂದಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಮಳೆಗಾಲದಲ್ಲಿ ಹೊರಡುವವರಂತೂ ಓದಲೇಬೇಕು.

ಹೋದ ಆಷಾಢದಲ್ಲಿ ನಾನೂ ನನ್ನ ಭಾವಮೈದನೂ ಅಂಚೆಟ್ಟಿ ಕಾಡಿನ ದಾರಿ ಹಿಡಿದು ಹೊಗೇನಕಲ್‌ಗೆ ಇಳಿದೆವು. ಅಲ್ಲಿಂದ ಪೆನ್ನಾಗರ, ಏರಿಯೂರು ಮೇಲೆ ನಾಗಮರೈಗೆ ಹೋಗಿ, ಮೆಟ್ಟೂರು ಹಿನ್ನೀರನ್ನು ದೋಣಿಯಲ್ಲಿ ದಾಟಿ ಪಣ್ಣವಾಡಿ, ಕೊಳತ್ತೂರು, ಪಾಲಾರು ಮಾರ್ಗವಾಗಿ ಬೆಟ್ಟ ಹತ್ತುವ ಲೆಕ್ಕ. ಬಸ್ ಸ್ಟ್ಯಾಂಡ್ ಹತ್ತಿರ ನಾವು ಕನ್ನಡ ಮಾತಾಡುವುದನ್ನು ಕೇಳಿಸಿಕೊಂಡ ಒಬ್ಬ ಹತ್ತಿರ ಬಂದ.

‘ಅಣ್ಣಾ, ಬೆಟ್ಟಕ್ಕಾ? ಅಷ್ಟು ದೂರ ಸುತ್ತಿಕೊಂಡು ಯಾಕೆ ಹೋಗ್ತೀರಾ? ಎದುರಿಗಿರೋದೇ ಕರ್ನಾಟಕ. ತೆಪ್ಪದಲ್ಲಿ ಸೈಕಲ್ ಸಮೇತ ದಾಟಿಸ್ತೀನಿ. ಗೋಪಿನಾಥಂ ದಾರಿ ಹಿಡಿದ್ರೆ ಸಂಜೆಗೆ ಬೆಟ್ಟ.’

ಆರುನೂರಕ್ಕೆ ಮಾತಾಯಿತು. ಟಿಕೆಟ್ ಕೌಂಟರ್ ಎಲ್ಲಿ ಅಂದಿದ್ದಕ್ಕೆ ‘ಅಲ್ಲಿ ಇವತ್ತು ತುಂಬಾ ರಶ್ಶು’ ಎಂದ. ಅದು ಶುದ್ಧ ಸುಳ್ಳು. ಒಳಹರಿವು ಏರಿದೆಯೆಂದು ಬೆಳಿಗ್ಗೆಯೇ ತೆಪ್ಪಗಳನ್ನು ನಿಲ್ಲಿಸಿದ್ದರು. ಆ ಬೋರ್ಡು ನಮ್ಮ ಕಣ್ಣಿಗೆ ಬೀಳದ ಹಾಗೆ ಬಂಡೆಗಳ ಸಂದಿಯಲ್ಲಿ, ಅರುವಿಗಿಂತ, ಅಂದರೆ ಜಲಪಾತಕ್ಕಿಂತ, ಮೇಲಿನ ಒಂದು ದಡಕ್ಕೆ ನಮ್ಮನ್ನು ಕರೆದೊಯ್ದ.

ಲೈಫ್ ಜಾಕೆಟ್ ಕೇಳಿದರೆ ‘ಅದೆಲ್ಲಾ ಟೂರಿಸ್ಟ್‌ಗಳಿಗೆ’ ಎಂದ. ತೆಪ್ಪದ ತಳ ಗೊತ್ತಲ್ಲ, ಹೆಣೆದ ಬಿದಿರು ದಬ್ಬೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಬಳಿದ ಡಾಂಬರು. ಸಮತಟ್ಟಾದ ಜಾಗವೇ ಇಲ್ಲ. ಎರಡು ಸೈಕಲ್‌ಗಳನ್ನೂ ಒಂದರ ಮೇಲೊಂದು ಮಲಗಿಸಿದ. ತೆಪ್ಪ ಅಲುಗಿದಾಗಲೆಲ್ಲ ಕೆಳಗಿನ ಸೈಕಲ್ಲಿನ ಪೆಡಲ್ ದಬ್ಬೆಗಳ ನಡುವೆ ಚುಚ್ಚುತ್ತಿತ್ತು. ನಡುಹೊಳೆಗೆ ಬರುವಷ್ಟರಲ್ಲಿ ಅಲ್ಲಿಂದಲೇ ಕೆಂಪು ನೀರು ಒಸರಿ ನಮ್ಮ ಪಾದ ಮುಳುಗಿಸಿತ್ತು. ಭಾವಮೈದ ತನ್ನ ಅಂಗಿ ಬಿಚ್ಚಿ ಮುದ್ದೆ ಮಾಡಿ ಆ ತೂತಿಗೆ ಒತ್ತಿ ಹಿಡಿದ. ಕೆಳಗಡೆ ಅರುವಿಯ ಸದ್ದು ಎಷ್ಟಿತ್ತೆಂದರೆ ಪಕ್ಕದಲ್ಲಿ ಕೂತವನ ಮಾತೂ ಕೇಳುತ್ತಿರಲಿಲ್ಲ.

ಆಗ ಆತ ಒಂದು ಬಂಡೆಗೆ ತೆಪ್ಪ ಆನಿಸಿ ಹುಟ್ಟು ಮಡಿಲಲ್ಲಿಟ್ಟುಕೊಂಡ. ‘ನೀರು ಜಾಸ್ತಿ ಆಗಿದೆ, ಎರಡು ಸಾವಿರ ಆಗುತ್ತೆ.’ ಸುತ್ತ ಹೊಳೆ, ಕಾಲಡಿಯಲ್ಲಿ ನೀರು, ಚೌಕಾಸಿ ಮಾಡುವ ಜಾಗವೇ ಅದು? ಕೊಟ್ಟೆವು. ಕೊನೆಗೆ ಆತ ಬಿಟ್ಟಿದ್ದು ರಸ್ತೆಗಲ್ಲ, ಪೊದೆ ತುಂಬಿದ ಕಲ್ಲುದಡಕ್ಕೆ. ಅದು ಆನೆ ಓಡಾಡುವ ಕಾಡು. ಸೈಕಲ್ ಹೊತ್ತು ದಾರಿ ಹುಡುಕುತ್ತಿದ್ದ ನಮ್ಮನ್ನು ಅರಣ್ಯ ಇಲಾಖೆಯವರು ತಡೆದು ಚೆನ್ನಾಗಿ ಬೈದರು. ತೆಪ್ಪ ನಿಲ್ಲಿಸಿದ್ದ ಸುದ್ದಿ ತಿಳಿದಿದ್ದು ಅವರಿಂದಲೇ. ರಸ್ತೆವರೆಗೂ ಜೊತೆಗೆ ಬಂದರು, ಅವರಿಗೆ ಋಣಿ.

ಹೊಗೇನಕಲ್‌ನ ತೆಪ್ಪದವರೆಲ್ಲ ಹೀಗೆ ಅಂತ ದಯವಿಟ್ಟು ತಿಳಿಯಬೇಡಿ. ಹೊಳೆಯ ಸುಳಿ, ಬಂಡೆ ಎಲ್ಲ ಗೊತ್ತಿದ್ದು ಅದರಲ್ಲೇ ಅನ್ನ ದುಡಿಯುವ ಕುಟುಂಬಗಳಿವೆ, ನಿಷೇಧ ಬಿದ್ದ ದಿನ ಅವರ ಒಲೆಗೂ ಕಷ್ಟ. ಆದರೆ ಕೌಂಟರಿನಿಂದ ಹೊರಟ ತೆಪ್ಪ ವಾಪಸ್ ಬರದಿದ್ದರೆ ಕೇಳುವವರಿರುತ್ತಾರೆ. ನಾವು ಹೊಳೆಗಿಳಿದದ್ದು ಇಡೀ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಹೊಗೇನಕಲ್‌ನಲ್ಲಿ ಬಿಸಿಲಿದೆ, ಮಳೆ ಇಲ್ಲ ಅಂತ ನಂಬಬೇಡಿ. ಅಲ್ಲಿನ ನೀರು ಏರುವುದು ಕೊಡಗು, ವಯನಾಡಿನ ಮಳೆಗೆ. ಕೆಆರ್‌ಎಸ್ ತನ್ನ 124.80 ಅಡಿ ಮುಟ್ಟಿ, ಕಬಿನಿಯೂ ತುಂಬಿ ಎರಡೂ ಕಡೆ ಗೇಟು ತೆಗೆದರೆ, ಆ ನೀರು ಇಲ್ಲಿಗೆ ಬರುವಾಗ ನಿಮ್ಮ ತಲೆ ಮೇಲೆ ಮೋಡವೇ ಇರುವುದಿಲ್ಲ. ಹೊಗೇನಕಲ್‌ಗಿಂತ ಮೇಲೆ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದವರು ಹರಿವು ಅಳೆಯುತ್ತಾರೆ. ಮಳೆಗಾಲದಲ್ಲಿ ಎಷ್ಟು ಕ್ಯೂಸೆಕ್ ಅಂತ ಪೇಪರ್‌ನಲ್ಲಿ ಬರುತ್ತಿರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಏರುತ್ತಿದೆ ಅಂತಿದ್ದರೆ ತೆಪ್ಪದ ಆಸೆ ಬಿಡಿ.

ಸೈಕಲ್ ಇದ್ದವರಿಗೆ ನಾಗಮರೈ ದಾರಿಯೇ ಸರಿ. ಅಲ್ಲಿನ ದೋಣಿಗಳು ಬೈಕುಗಳನ್ನೇ ಸಾಗಿಸುತ್ತವೆ, ಸೈಕಲ್ ಒಂದು ಭಾರವೇ ಅಲ್ಲ. ಮೆಟ್ಟೂರಿನಲ್ಲಿ ನೀರು ಚೆನ್ನಾಗಿ ಇಳಿದಿದ್ದರೆ, 1934ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಹಳೇ ಪಣ್ಣವಾಡಿಯ ನಂದಿಯೂ ಚರ್ಚಿನ ಗೋಪುರವೂ ಕಾಣುತ್ತವೆ. ಗಾಳಿ ಜೋರಿದ್ದು ಹಿನ್ನೀರಿನಲ್ಲಿ ಅಲೆ ಎದ್ದಿದ್ದರೆ ಅಲ್ಲೂ ಹತ್ತಬೇಡಿ, ಮೆಟ್ಟೂರು ಸುತ್ತಿಕೊಂಡು ಹೋಗಿ. ಅಮಾವಾಸ್ಯೆಗೆ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟಕ್ಕೆ ಹೊರಡುವ ನಿಮ್ಮ ಕಡೆಯವರಿಗೂ ಇದನ್ನು ತಿಳಿಸಿ.