ಬೇಲಿಯೊಳಗೆ ಐದು ನಕ್ಷತ್ರ, ರಸ್ತೆಗೆ ಬಂದರೆ ಮೂರು

ಪಾರ್ಕಿನ ಸಂಗೀತ ಕಾರ್ಯಕ್ರಮಕ್ಕೆ ಹೋಗಿ ಬಂದವರು ಹಾಡು ಹೇಗಿತ್ತು, ಸೌಂಡ್ ಹೇಗಿತ್ತು, ಒಂದು ಪ್ಲೇಟ್ ನೂಡಲ್ಸಿಗೆ ಎಷ್ಟು ಕಿತ್ತರು ಅಂತ ಬರೆಯುತ್ತಾರೆ. ಬಂದೋಬಸ್ತಿನ ಬಗ್ಗೆ ಯಾರೂ ಬರೆಯುವುದಿಲ್ಲ. ಟಿಕೆಟ್ಟಿಗೆ ಕೊಟ್ಟ ದುಡ್ಡಿನಲ್ಲಿ ಅದಕ್ಕೂ ಒಂದು ಪಾಲು ಹೋಗಿರುತ್ತದೆ, ಹಾಗಾಗಿ ನಾನು ಅದನ್ನೇ ಬರೆಯುತ್ತೇನೆ.

ನಾನು ಮೈಸೂರಿನವಳು. ಲಂಡನ್ನಿಗೆ ಬಂದು 14 ವರ್ಷವಾಯಿತು. ಮನೆಯ ಎದುರಿನ ರಸ್ತೆ ದಾಟಿದರೆ ಕೌನ್ಸಿಲ್ಲಿನ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ, ದೊಡ್ಡ ಪಾರ್ಕು. ವರ್ಷವೆಲ್ಲ ನಾಯಿ, ಮಕ್ಕಳು, ಬೆಳಗಿನ ಓಟದವರು. ಬೇಸಿಗೆ ಬಂತೆಂದರೆ ಹಸಿರು ಬಣ್ಣದ ಎತ್ತರದ ತಗಡಿನ ಬೇಲಿ ಏಳುತ್ತದೆ, ಲಾರಿಗಳು ಬರುತ್ತವೆ, ಮೂರು ದಿನ ಹಾಡು. ಪಾರ್ಕಿನ ಹೆಸರನ್ನೂ ಸೆಕ್ಯೂರಿಟಿ ಕಂಪನಿಯ ಹೆಸರನ್ನೂ ಇಲ್ಲಿ ಹಾಕುವುದಿಲ್ಲ. ಆ ದಿನ ಬಿಸಿಲಲ್ಲಿ ಹತ್ತು ಗಂಟೆ ನಿಂತವರು ಗಂಟೆ ಲೆಕ್ಕದ ಕೂಲಿಯ ಹುಡುಗ ಹುಡುಗಿಯರು. ಅವರ ಹೊಟ್ಟೆಯ ಮೇಲೆ ಹೊಡೆಯುವ ಮನಸ್ಸು ನನಗಿಲ್ಲ.

2024ರ ಜುಲೈ, ಶನಿವಾರ. ಮಗಳಿಗೆ ಹದಿನೇಳು. ಹದಿನೆಂಟು ತುಂಬದವರ ಜೊತೆ ದೊಡ್ಡವರಿರಬೇಕು ಅಂತ ಟಿಕೆಟ್ಟಿನಲ್ಲಿ ಬರೆದಿತ್ತು, ಹಾಗಾಗಿ ನಾನೂ ಹೋದೆ.

ಮೊದಲು ಒಳಗಿನ ಮಾತು. ಗೇಟಿನಲ್ಲಿ ಮೂರು ಥರದ ಜನ ನಿಂತಿರುತ್ತಾರೆ. ಅವರನ್ನು ಬೇರೆ ಬೇರೆಯಾಗಿ ಗುರುತಿಸುವುದು ಗೊತ್ತಿದ್ದರೆ ಒಳ್ಳೆಯದು. ಹಳದಿ ಜಾಕೆಟ್ಟಿನ ಸ್ಟೀವರ್ಡ್‌ಗಳು ದಾರಿ ತೋರಿಸುವವರು. ತೋಳಿಗೆ ಲೈಸೆನ್ಸ್ ಕಾರ್ಡ್ ಸಿಕ್ಕಿಸಿಕೊಂಡವರು ಸೆಕ್ಯೂರಿಟಿ. ಇಲ್ಲಿನ 2001ರ ಕಾಯ್ದೆಯ ಪ್ರಕಾರ ಈ ಕೆಲಸಕ್ಕೆ ಲೈಸೆನ್ಸ್ ಬೇಕು, ಕಾರ್ಡು ಎದುರಿನವರಿಗೆ ಕಾಣುವಂತಿರಬೇಕು. ಮೂರನೆಯವರು ಪೊಲೀಸರು. ಸೆಕ್ಯೂರಿಟಿಯವರಿಗೆ ಪೊಲೀಸರ ಅಧಿಕಾರವಿಲ್ಲ. ನೀವು ಒಪ್ಪಿದರೆ ಮಾತ್ರ ಮೈ ತಡವಿ ನೋಡಬಹುದು, ಒಪ್ಪದಿದ್ದರೆ ಒಳಗೆ ಬಿಡುವುದಿಲ್ಲ, ಅಷ್ಟೇ. ಪೊಲೀಸರು ಹಾಗಲ್ಲ, ನಿಮ್ಮ ಒಪ್ಪಿಗೆ ಇಲ್ಲದೆಯೂ ಶೋಧಿಸಬಲ್ಲರು. ಆದರೆ ಸಾಮಾನ್ಯವಾಗಿ ಅದಕ್ಕೆ ಸಕಾರಣವಾದ ಅನುಮಾನ ಇರಬೇಕು ಅನ್ನುತ್ತದೆ 1984ರ ಕಾಯ್ದೆ. ದೊಡ್ಡ ಗಲಾಟೆಯ ಭಯವಿದ್ದಾಗ ಒಂದು ಪ್ರದೇಶಕ್ಕೆ, ಇಷ್ಟು ಗಂಟೆ ಅಂತ ಲೆಕ್ಕ ಹಾಕಿ, ಅನುಮಾನವಿಲ್ಲದೆಯೂ ಶೋಧಿಸುವ ಆದೇಶ ಹೊರಡಿಸುವುದುಂಟು. ಅದು 1994ರ ಕಾಯ್ದೆಯ 60ನೇ ಸೆಕ್ಷನ್. ಬೆಳೆದ ಮಕ್ಕಳಿರುವ ಮನೆಗಳಲ್ಲಿ ಇಷ್ಟು ಗೊತ್ತಿರಲೇಬೇಕು.

ನಮ್ಮನ್ನು ನೋಡಿದ್ದು ಸುಮಾರು ನಲವತ್ತು ವರ್ಷದ ಹೆಂಗಸು. ಮೊದಲು ಕೇಳಿದಳು, ಒಪ್ಪಿದ ಮೇಲೆ ಕೈಯ ಹಿಂಭಾಗದಿಂದ ತಡವಿದಳು. ಮಗಳ ಬ್ಯಾಗಿನಲ್ಲಿದ್ದ ಆಸ್ತಮಾ ಇನ್ಹೇಲರ್ ಎತ್ತಿ ಹೆಸರಿನ ಚೀಟಿ ನೋಡಿದಳು, ಮತ್ತೆ ಅದೇ ಖಾನೆಗೆ ಇಟ್ಟಳು, ಜಿಪ್ ತಾನೇ ಎಳೆದಳು. ಉಸಿರಾಟಕ್ಕೆ ತೊಂದರೆಯಾದರೆ ವೈದ್ಯಕೀಯ ಡೇರೆ ಯಾವ ಕಡೆ ಅಂತ ನಾವು ಕೇಳುವ ಮೊದಲೇ ಹೇಳಿದಳು. ನನ್ನ ಚಿತ್ರಾನ್ನದ ಸ್ಟೀಲ್ ಡಬ್ಬಿಯನ್ನು ಒಳಗೆ ಬಿಡಲಿಲ್ಲ, ಲೋಹದ ಡಬ್ಬಿ ಬೇಡ ಅಂತ ನಿಯಮ. ಆದರೆ ಎಸೆಯಿರಿ ಅನ್ನಲಿಲ್ಲ. ಮನೆ ಹತ್ತಿರ ಅಂತ ಗೊತ್ತಾದ ಮೇಲೆ ನಮ್ಮ ಜಾಗ ಹಿಡಿದಿಟ್ಟು, ಇಟ್ಟು ಬನ್ನಿ ಅಂದಳು. ಇಂಥ ಒಬ್ಬಳು ಗೇಟಿನಲ್ಲಿದ್ದರೆ ಒಳಗಿನ ಅರ್ಧ ಜಗಳ ತಪ್ಪುತ್ತದೆ.

ಸ್ವಲ್ಪ ಆಚೆ ಪೊಲೀಸ್ ನಾಯಿ ಇತ್ತು. ಒಬ್ಬ ಕಪ್ಪು ಹುಡುಗನನ್ನು ಪಕ್ಕಕ್ಕೆ ಕರೆದರು. ನಾನು ನಿಂತು ನೋಡಿದೆ. ಇಂಗ್ಲೆಂಡಿನಲ್ಲಿ ಕಪ್ಪು ಜನರನ್ನು ಬಿಳಿಯರಿಗಿಂತ ಹೆಚ್ಚು ತಡೆದು ಶೋಧಿಸುತ್ತಾರೆ ಅಂತ ಸರ್ಕಾರದ ಅಂಕಿಅಂಶಗಳೇ ವರ್ಷ ವರ್ಷ ಹೇಳುತ್ತವೆ. ಕಂದು ಬಣ್ಣದ ಮಗಳನ್ನು ಪಕ್ಕದಲ್ಲಿಟ್ಟುಕೊಂಡ ನನಗೆ ಅದನ್ನು ನೋಡದೆ ಮುಂದೆ ಹೋಗಲಾಗಲಿಲ್ಲ. ಅಂದು ಆ ಪೊಲೀಸ್ ತನ್ನ ಹೆಸರು, ಠಾಣೆ, ಯಾಕೆ ನಿಲ್ಲಿಸಿದೆ, ಏನು ಹುಡುಕುತ್ತಿದ್ದೇನೆ ಎಲ್ಲವನ್ನೂ ಹೇಳಿದ. ಏನೂ ಸಿಗಲಿಲ್ಲ. ದಾಖಲೆಯ ಪ್ರತಿ ಪಡೆಯುವ ಹಕ್ಕು ನಿನಗಿದೆ ಅಂತ ತಾನೇ ತಿಳಿಸಿದ. ಹುಡುಗನ ಮುಖ ಮಾತ್ರ ತುಂಬ ಹೊತ್ತು ಬಿಗಿದೇ ಇತ್ತು.

ಒಳಗೆ ಎಲ್ಲ ಚೆನ್ನಾಗಿತ್ತು. ವೇದಿಕೆಯ ಮುಂದಿನ ತಡೆಗೋಡೆಯ ಹಿಂದೆ ನಿಂತವರು ಹಾಡುವವರಿಗೆ ಬೆನ್ನು ಹಾಕಿ ಜನರ ಮುಖವನ್ನೇ ನೋಡುತ್ತಿದ್ದರು, ನೀರು ಹಂಚುತ್ತಿದ್ದರು, ಬಳಲಿದ ಒಬ್ಬ ಹುಡುಗಿಯನ್ನು ಮೇಲಕ್ಕೆತ್ತಿ ಈಚೆಗೆ ತಂದರು. ಒಳಗಿನ ಕೆಲಸಕ್ಕೆ ಐದಕ್ಕೆ ಐದು.

ಹತ್ತೂವರೆಗೆ ಸರಿಯಾಗಿ ಸೌಂಡ್ ನಿಂತಿತು. ಈ ಊರಿನಲ್ಲಿ ಆ ವಿಷಯದಲ್ಲಿ ಮುಲಾಜಿಲ್ಲ. 2012ರ ಜುಲೈ 14ರಂದು ಹೈಡ್ ಪಾರ್ಕಿನಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆ ಪಾಲ್ ಮೆಕಾರ್ಟ್ನಿ ಹಾಡಿ ಮುಗಿಸಿ ಜನರಿಗೆ ಧನ್ಯವಾದ ಹೇಳಲು ಹೊರಟಾಗಲೇ ಸಮಯ ಮೀರಿತೆಂದು ಧ್ವನಿ ಕಡಿದಿದ್ದರು. ನಮ್ಮ ಭಾರತದಲ್ಲೂ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಬೇಡ ಅನ್ನುತ್ತವೆ. ಅಕ್ಕಪಕ್ಕದ ಮನೆಗಳಲ್ಲಿ ಹಸುಗೂಸುಗಳಿರುತ್ತವೆ, ಮುದುಕರಿರುತ್ತಾರೆ. ನನಗೆ ಈ ಕಟ್ಟುನಿಟ್ಟು ಇಷ್ಟ. ಆದರೆ ಸೌಂಡ್ ಒಂದೇ ಕ್ಷಣಕ್ಕೆ ನಿಂತರೆ ಸಾವಿರಾರು ಜನ ಒಂದೇ ಕ್ಷಣಕ್ಕೆ ತಿರುಗಿ ಹೊರಡುತ್ತಾರೆ.

ನಾವು ಬಂದ ಗೇಟು ಮುಚ್ಚಿತ್ತು. ಯಾಕೆ ಅಂತ ಸ್ಟೀವರ್ಡ್ ಹುಡುಗನಿಗೆ ಗೊತ್ತಿಲ್ಲ. ಅವನ ವಾಕಿಟಾಕಿಗೆ ಉತ್ತರ ಬರುತ್ತಿಲ್ಲ. ಎಲ್ಲರನ್ನೂ ಕೆಳಗಿನ ಒಂದೇ ಗೇಟಿಗೆ ತಿರುಗಿಸಿದರು. ಇಳಿಜಾರು, ಎರಡೂ ಬದಿ ಬೇಲಿ. ಗೇಟಿನಿಂದ ಹೊರಗೆ ಕಾಲಿಟ್ಟರೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಫುಟ್‌ಪಾತು, ಆಚೆ ಓಡುವ ವಾಹನಗಳು, ಬಸ್ ಸ್ಟಾಪಿಗೆ ಹಳದಿ ಚೀಲ ಹೊದಿಸಿ ಬಂದ್ ಮಾಡಿದ್ದಾರೆ. ಮುಂದಿನವರು ನಿಂತರು, ಹಿಂದಿನವರು ಇಳಿಯುತ್ತಲೇ ಇದ್ದರು. ಮಗಳ ಭುಜ ನನ್ನ ಎದೆಗೆ ಒತ್ತಿತು. ಕೈ ಮೇಲೆತ್ತಲು ಆಗಲಿಲ್ಲ. ಅವಳು ಉಸಿರಿಗೆ ಬಾಯಿ ತೆರೆದಳು, ಇನ್ಹೇಲರ್ ಬ್ಯಾಗಿನಲ್ಲಿ, ಬ್ಯಾಗು ಇಬ್ಬರ ಮಧ್ಯೆ ಸಿಕ್ಕಿಕೊಂಡಿದೆ. "ಅಮ್ಮಾ" ಅಂದಳು, ಅಷ್ಟೇ.

ಆಗ ಕಂಡಿದ್ದು ಕುದುರೆ. ರಸ್ತೆಯ ಕಡೆಯಿಂದ ಎರಡು ಪೊಲೀಸ್ ಕುದುರೆಗಳು ಬಂದವು. ಕಣ್ಣಿಗೆ ಗಾಜಿನಂಥ ಮುಚ್ಚಳ, ಕಾಲಿಗೆ ಹೊಳೆಯುವ ಪಟ್ಟಿ. ಒಂದರ ಮೇಲಿದ್ದ ಪೊಲೀಸ್ ಹೆಂಗಸು ಎತ್ತರದಿಂದ ಒಂದೇ ನೋಟಕ್ಕೆ ಎಲ್ಲಿ ಕಟ್ಟಿಕೊಂಡಿದೆ ಅಂತ ಕಂಡಳು. ಕೆಳಗಿದ್ದ ಇಬ್ಬರು ಪೇದೆಗಳು ವಾಹನ ನಿಲ್ಲಿಸಿ ಇಡೀ ರಸ್ತೆಯನ್ನು ಜನಕ್ಕೆ ಬಿಟ್ಟರು. ಕುದುರೆಗಳು ಮುಂದೆ ನುಗ್ಗಲಿಲ್ಲ. ಗೇಟಿನ ಮೇಲ್ಭಾಗಕ್ಕೆ ಸುತ್ತಿ ಹೋಗಿ, ಇಳಿದು ಬರುತ್ತಿದ್ದವರಿಗೆ ಅಡ್ಡ ನಿಂತವು. ಹಿಂದಿನ ಒತ್ತಡ ನಿಂತ ಮೇಲೆ ಮುಂದಿನವರು ಸಡಿಲವಾದರು. ಆಮೇಲೆ ಒಂದಿಷ್ಟು ಜನರನ್ನು ಬಿಡುವುದು, ಮತ್ತೆ ಅಡ್ಡ ನಿಲ್ಲುವುದು. ಅವಳು ಕೂಗಾಡಲಿಲ್ಲ. ಸಣ್ಣ ಹೆಜ್ಜೆ ಹಾಕಿ, ರಸ್ತೆ ನಿಮ್ಮದೇ ಅಂತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಕುದುರೆಯ ಕಿವಿ ಅವಳ ದನಿಯ ಕಡೆಗೇ ತಿರುಗಿಕೊಂಡಿತ್ತು.

ನನಗೆ ಮೈಸೂರು ನೆನಪಾಯಿತು. ಜಂಬೂ ಸವಾರಿ ನೋಡಲು ಸಯ್ಯಾಜಿರಾವ್ ರಸ್ತೆಯಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದರು. ಮುಂದೆ ಹಗ್ಗ ಹಿಡಿದ ಪೊಲೀಸರು, ಅಶ್ವಾರೋಹಿ ದಳದವರು. ಕುದುರೆ ಚಂದಕ್ಕೆ ಅಂತಲೇ ನಾನು ಅಂದುಕೊಂಡಿದ್ದೆ. ಮಗಳು ಆ ರಸ್ತೆಯ ಅಂಚಿನಲ್ಲಿ ಕೂತು ಇನ್ಹೇಲರ್ ಎಳೆದುಕೊಳ್ಳುವುದನ್ನು ನೋಡಿದಾಗ ಅದು ಯಾಕಿರುತ್ತದೆ ಅಂತ ಅರ್ಥವಾಯಿತು.

ಮನೆಗೆ ಬಂದರೂ ಒಂದು ಪ್ರಶ್ನೆ ಬಿಡಲಿಲ್ಲ. ಒಳಗೆ ಅಷ್ಟು ಜನ ಇದ್ದರಲ್ಲ, ಹೊರಗೆ ಯಾಕೆ ನಾಲ್ಕೇ ಜನ? ಓದಿದೆ. 1996ರ ಪೊಲೀಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಆಯೋಜಕರು ಕೇಳಿದರೆ ಪೊಲೀಸರು ವಿಶೇಷ ಸೇವೆ ಕೊಡಬಹುದು, ಅದಕ್ಕೆ ಬಿಲ್ ಹಾಕಬಹುದು. ಬೇಲಿಯೊಳಗಿನ ಪೊಲೀಸರ ಖರ್ಚನ್ನು ಆಯೋಜಕರ ಮೇಲೆ ಹಾಕುವುದು ಹೀಗೆ. ಹೊರಗಿನದು ಬೇರೆ ಲೆಕ್ಕ. ಇಪ್ಸ್‌ವಿಚ್ ಫುಟ್‌ಬಾಲ್ ಕ್ಲಬ್ಬಿಗೂ ಸಫೋಕ್ ಪೊಲೀಸರಿಗೂ ನಡೆದ ವ್ಯಾಜ್ಯದಲ್ಲಿ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಕ್ಲಬ್ಬಿನ ಪರವಾಗಿ ತೀರ್ಪು ಕೊಟ್ಟಿತು. ಕ್ರೀಡಾಂಗಣದ ಹೊರಗಿನ ಸಾರ್ವಜನಿಕ ಬೀದಿಯಲ್ಲಿ ಶಾಂತಿ ಕಾಯುವುದು ಪೊಲೀಸರ ಮಾಮೂಲಿ ಕರ್ತವ್ಯ, ಅದಕ್ಕೆ ಕ್ಲಬ್ಬಿನಿಂದ ಹಣ ಕೇಳುವ ಹಾಗಿಲ್ಲ ಅಂತ. ಕಾನೂನಿನ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಒಳಗಿನ ಪೊಲೀಸರಿಗೆ ಬಿಲ್ ಉಂಟು, ಹೊರಗೆ ಆ ರಾತ್ರಿ ಠಾಣೆಯಲ್ಲಿ ಎಷ್ಟು ಜನ ಮಿಕ್ಕಿದ್ದಾರೋ ಅಷ್ಟೇ ಗತಿ. ಜನರಿಗೆ ಬೇಲಿ ದಾಟಿದ ತಕ್ಷಣ ಅಪಾಯ ಮುಗಿಯುವುದಿಲ್ಲ.

2017ರ ಮೇ 22ರಂದು ಮ್ಯಾಂಚೆಸ್ಟರ್ ಅರೆನಾದಲ್ಲಿ ಬಾಂಬ್ ದಾಳಿಗೆ 22 ಜನ ಸತ್ತದ್ದು ಹಾಡು ಕೇಳುವ ಸಭಾಂಗಣದಲ್ಲಲ್ಲ, ಕಾರ್ಯಕ್ರಮ ಮುಗಿಸಿ ಜನ ಹೊರಬೀಳುವ ಪ್ರಾಂಗಣದಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗಲು ತಂದೆತಾಯಿಗಳು ಕಾಯುತ್ತಿದ್ದ ಜಾಗ ಅದು. ಅಲ್ಲಿ ತೀರಿಕೊಂಡ ಮಾರ್ಟಿನ್ ಹೆಟ್ ಅವರ ತಾಯಿ ವರ್ಷಗಟ್ಟಲೆ ಹೋರಾಡಿದ್ದರಿಂದ 2025ರ ಏಪ್ರಿಲ್‌ನಲ್ಲಿ ಹೊಸ ಕಾಯ್ದೆ ಬಂತು. 800 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಗಳಿಗೆ ಹೆಚ್ಚಿನ ಜವಾಬ್ದಾರಿ ಹೊರಿಸುವ ಕಾಯ್ದೆ. ಪೂರ್ತಿ ಜಾರಿಗೆ ಬರಲು ಕನಿಷ್ಠ ಎರಡು ವರ್ಷ ಬಿಟ್ಟಿದ್ದಾರೆ.

ಆಯೋಜಕರ ಲೈಸೆನ್ಸ್ ಕೌನ್ಸಿಲ್ಲಿನ ಕೈಯಲ್ಲಿರುತ್ತದೆ, 2003ರ ಕಾಯ್ದೆಯಡಿ. ಅದರಲ್ಲಿ ಪೊಲೀಸರಿಗೂ ಮಾತುಂಟು, ಅಕ್ಕಪಕ್ಕದ ನಿವಾಸಿಗಳಿಗೂ ಮಾತುಂಟು. 2025ರ ಆರಂಭದಲ್ಲಿ ಇನ್ನೂ ಎರಡು ದಿನ ಹೆಚ್ಚು ಕೇಳಿ ಆಯೋಜಕರು ಅರ್ಜಿ ಹಾಕಿದಾಗ ನಾನು ವಿಚಾರಣೆಗೆ ಹೋದೆ. ಕೆಲವು ನೆರೆಯವರು ಕಾರ್ಯಕ್ರಮವೇ ಬೇಡ ಅಂದರು. ಅವರ ನೋವು ನನಗೆ ತಿಳಿಯುತ್ತದೆ. ಹುಲ್ಲು ವಾರಗಟ್ಟಲೆ ಸತ್ತಿರುತ್ತದೆ, ಪಾರ್ಕಿನ ದೊಡ್ಡ ಭಾಗ ಮುಚ್ಚಿರುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನದೇ ಬ್ರಾಕ್‌ವೆಲ್ ಪಾರ್ಕಿನ ಪ್ರಕರಣದಲ್ಲಿ, ವರ್ಷಕ್ಕೆ 28 ದಿನಕ್ಕಿಂತ ಹೆಚ್ಚು ಕಾಲ ಜಾಗ ಬಳಸುವ ವಿಷಯದಲ್ಲಿ ಹೈಕೋರ್ಟು ನಿವಾಸಿಗಳ ಪರ ನಿಂತಿತು. ಆದರೆ ನನಗೆ ಹಾಡು ಬೇಕು. ಮಗಳ ವಯಸ್ಸಿನವರಿಗೆ ಆಕಾಶದ ಕೆಳಗೆ ಕುಣಿಯಲು ಜಾಗ ಬೇಕು. ಅದಕ್ಕೇ ಮಾತಾಡಲು ಸಿಕ್ಕ ನನ್ನ ಮೂರು ನಿಮಿಷವನ್ನು ಆ ಒಂದು ಗೇಟಿಗೆ ಮೀಸಲಿಟ್ಟೆ. ಎರಡು ಗೇಟು ತೆರೆದಿರಬೇಕು, ಸೌಂಡ್ ನಿಲ್ಲುವ ಅರ್ಧ ಗಂಟೆ ಮೊದಲೇ ಹೊರಗಿನ ರಸ್ತೆಗೆ ವಾಹನ ಬಂದ್ ಆಗಬೇಕು, ಬಸ್ ಸ್ಟಾಪಿನವರೆಗೆ ಸ್ಟೀವರ್ಡ್‌ಗಳು ನಿಲ್ಲಬೇಕು, ಅವರ ಕೂಲಿ ಆಯೋಜಕರೇ ಕೊಡಬೇಕು. ಪೊಲೀಸರು ಬಿಲ್ ಹಾಕಲಾಗದ ಜಾಗದಲ್ಲಿ ಸ್ಟೀವರ್ಡ್‌ಗಳನ್ನು ನಿಲ್ಲಿಸಲು ಅಡ್ಡಿಯೇನಿಲ್ಲವಲ್ಲ. ಪೊಲೀಸರ ಕಡೆಯಿಂದ ಬಂದ ಅಧಿಕಾರಿ ನನ್ನ ಮಾತಿಗೆ ತಲೆಯಾಡಿಸಿ ಬರೆದುಕೊಂಡರು. ಲೈಸೆನ್ಸಿನ ಷರತ್ತುಗಳಲ್ಲಿ ಮೊದಲ ಎರಡು ಸೇರಿದವು. ಸ್ಟೀವರ್ಡ್‌ಗಳದು ಅರ್ಧ ಸೇರಿತು, ರಸ್ತೆಯ ತಿರುವಿನವರೆಗೆ ಮಾತ್ರ.

ಆಮೇಲೆ ಜೂನ್ 4 ಬಂತು. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನ ಮಗ್ಗುಲಲ್ಲೇ ಇರುವ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ವಿಜಯೋತ್ಸವಕ್ಕೆ ಬಂದ 11 ಜನ ಕಾಲ್ತುಳಿತದಲ್ಲಿ ಸತ್ತರು. ಒಳಗೆ ಸಂಭ್ರಮ ನಡೆಯುತ್ತಿತ್ತು. ಮೈಸೂರಿನಿಂದ ಅಕ್ಕ ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಮಗಳ ಭುಜ ಒತ್ತಿದ ಜಾಗ ನನ್ನ ಎದೆಯಲ್ಲಿ ಹಾಗೇ ಇತ್ತು.

2025ರ ಜುಲೈಗೆ ಮತ್ತೆ ಹೋದೆವು. ಇಲ್ಲ ಅನ್ನಲು ನನಗೆ ಮನಸ್ಸು ಬರಲಿಲ್ಲ, ಅವಳಿಗೂ ಭಯ ಉಳಿಯಬಾರದಿತ್ತು. ಹತ್ತಕ್ಕೇ ರಸ್ತೆ ಬಂದ್ ಆಗಿತ್ತು. ಎರಡೂ ಗೇಟು ತೆರೆದಿದ್ದವು. ಕೊನೆಯ ಹಾಡಿನ ಮೇಲೆ ಮೆಲ್ಲನೆ ಸಂಗೀತ ಹಾಕಿ ಕೆಲವರನ್ನು ಒಳಗೇ ತಡೆದದ್ದು ಒಳ್ಳೆಯ ಉಪಾಯ, ಎಲ್ಲರೂ ಒಟ್ಟಿಗೆ ಏಳಲಿಲ್ಲ. ಕೆಳಗಿನ ಗೇಟಿನಿಂದ ರಸ್ತೆಗೆ ಕಾಲಿಡುವಾಗ ನನ್ನ ಎರಡೂ ಕೈ ಬೀಸಾಡುವಷ್ಟು ಜಾಗವಿತ್ತು. ಆದರೆ ತಿರುವಿನ ಆಚೆ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಮತ್ತೆ ಕತ್ತಲೆ, ಮತ್ತೆ ಕಿರಿದಾದ ಫುಟ್‌ಪಾತು, ಹಳದಿ ಜಾಕೆಟ್ ಒಂದೂ ಇಲ್ಲ. ಇಬ್ಬರು ಹುಡುಗಿಯರು ವಾಂತಿ ಮಾಡಿಕೊಂಡು ಗೋಡೆಗೆ ಒರಗಿದ್ದರು. ಅವರ ಜೊತೆ ಮಗಳು ಕೂತಳು, ನಾನು ಟ್ಯಾಕ್ಸಿ ಕರೆದೆ. ಹೊರಗಿನ ಕೆಲಸಕ್ಕೆ ಮೂರು ನಕ್ಷತ್ರ ಕೊಟ್ಟದ್ದು ಅದಕ್ಕೇ. 2024ರಲ್ಲಾಗಿದ್ದರೆ ಒಂದೂ ಕೊಡುತ್ತಿರಲಿಲ್ಲ.

ಹೋಗುವವರು ಇಷ್ಟು ಮಾಡಿ. ಒಳಗೆ ಹೋದ ಕೂಡಲೇ, ಹಾಡು ಶುರುವಾಗುವ ಮೊದಲು, ಹೊರಗೆ ಹೋಗುವ ಎರಡು ದಾರಿ ಕಣ್ಣಲ್ಲಿ ಇಟ್ಟುಕೊಳ್ಳಿ. ಜನ ಒತ್ತುತ್ತಿದ್ದರೆ ಎರಡೂ ಕೈಯನ್ನು ಎದೆಯ ಮುಂದೆ ಮಡಚಿ ಇಟ್ಟುಕೊಳ್ಳಿ, ಉಸಿರಿಗೆ ಜಾಗ ಸಿಗುತ್ತದೆ. ಇನ್ಹೇಲರ್ ಬ್ಯಾಗಿನಲ್ಲಿ ಬೇಡ, ಜೇಬಿನಲ್ಲಿರಲಿ. ತೊಂದರೆಯಾದರೆ ಪೊಲೀಸರನ್ನೇ ಹುಡುಕಬೇಕಿಲ್ಲ, ತೋಳಿನ ಮೇಲೆ ಕಾರ್ಡು ಇರುವ ಯಾರನ್ನಾದರೂ ಕರೆಯಿರಿ.

ಪಾರ್ಕಿನ ಹತ್ತಿರ ಮನೆಯಿದ್ದರೆ ಗೇಟಿಗೆ ಅಂಟಿಸುವ ತಿಳಿನೀಲಿ ಕಾಗದವನ್ನು ನಿಂತು ಓದಿ. ಲೈಸೆನ್ಸಿನ ಅರ್ಜಿಯ ನೋಟಿಸು ಅದೇ, ತಕರಾರಿಗೆ 28 ದಿನ ಅವಕಾಶ. ಮೊನ್ನೆ ಸಂಜೆ ನಮ್ಮ ಗೇಟಿಗೆ ಹೊಸದೊಂದು ಬಿದ್ದಿದೆ. ಮಳೆಗೆ ಒಂದು ಮೂಲೆ ಎದ್ದಿತ್ತು, ಮಗಳು ಒತ್ತಿ ಅಂಟಿಸಿದಳು. ಈ ಸಲ ಸ್ಟೀವರ್ಡ್‌ಗಳು ಸ್ಟೇಷನ್ನಿನ ಮೆಟ್ಟಿಲವರೆಗೆ ಬೇಕು ಅಂತ ಬರೆಯುತ್ತೇನೆ. ಅವಳಿಗೆ ಈಗ ಹದಿನೆಂಟು ತುಂಬಿದೆ, ತನ್ನ ಹೆಸರಿನಲ್ಲಿ ಬೇರೆ ಪತ್ರ ಬರೆಯುತ್ತಿದ್ದಾಳೆ.