ಪೌತಿ ಖಾತೆ ಬೇಗ ಆಗಲಿ ಅಂತ ಖಾಸಗಿ ಆಫೀಸಿಗೆ ಹೋಗುವ ಮುಂಚೆ ಇದನ್ನು ಓದಿ

ತಾಲೂಕು ಕಚೇರಿ ಎದುರಿನ ಸಾಲು ಅಂಗಡಿಗಳಲ್ಲಿ "ಪೌತಿ ಖಾತೆ, ವಂಶವೃಕ್ಷ, ಪೋಡಿ ಕೆಲಸಗಳನ್ನು ಮಾಡಿಕೊಡಲಾಗುವುದು" ಅನ್ನೋ ಬೋರ್ಡ್ ನೀವೂ ನೋಡಿರುತ್ತೀರಿ. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳೋದು, ವಂಶವೃಕ್ಷ ಅಂದರೆ ಮನೆಯ ವಾರಸುದಾರರು ಯಾರ್ಯಾರು ಅನ್ನೋ ಪತ್ರ, ಪೋಡಿ ಅಂದರೆ ಜಮೀನು ಅಳೆಸಿ ಪಾಲು ಬೇರೆ ಮಾಡಿಸೋದು. ಒಳಗೆ ಕಾಲಿಡುವ ಮುಂಚೆ ದಯವಿಟ್ಟು ಐದು ನಿಮಿಷ ಕೊಟ್ಟು ಇದನ್ನು ಓದಿ. ಅಂಥ ಒಂದು ಆಫೀಸಿನಿಂದ ನಾನು ಕಳೆದುಕೊಂಡದ್ದು ₹18,000, ಅಪ್ಪ ಜೋಪಾನ ಮಾಡಿದ್ದ ಮೂಲ ಕ್ರಯಪತ್ರ, ಮತ್ತೆ ಏಳು ತಿಂಗಳು ಅಕ್ಕನ ಮಾತು.

ಅಪ್ಪ ತೀರಿಕೊಂಡ ಮೇಲೆ ಅವರ ಉಳಿತಾಯ ಖಾತೆಯ ದುಡ್ಡು ಅಮ್ಮನಿಗೆ ಬರಲು ಎಂಟೇ ದಿನ ಹಿಡಿಯಿತು. ಅದು ಖಾಸಗಿ ಬ್ಯಾಂಕು. ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಒಂದು ಫಾರಂ, ಅಷ್ಟೇ. ಕೌಂಟರಿನಲ್ಲಿದ್ದ ಹುಡುಗಿ ಅಮ್ಮನಿಗೆ ಕುರ್ಚಿ ತರಿಸಿ ಕೂರಿಸಿದಳು. ಅದೇ ತಿಂಗಳು 2 ಎಕರೆ 14 ಗುಂಟೆ ಹೊಲದ ಪೌತಿ ಖಾತೆಗೆ ಓಡಾಟ ಶುರು ಮಾಡಿದೆ. ಬೆಂಗಳೂರಿಂದ ರಜೆ ಹಾಕಿಕೊಂಡು ಹೋಗಬೇಕು. ಮೊದಲ ಸಲ ಹೋದಾಗ ನಾಡಕಚೇರಿಯಲ್ಲಿ ಸರ್ವರ್ ಇಲ್ಲ. ಎರಡನೇ ಸಲ ಗ್ರಾಮ ಆಡಳಿತ ಅಧಿಕಾರಿ ಬೆಳೆ ಸಮೀಕ್ಷೆಗೆ ಹೋಗಿದ್ದರು. ಮೂರನೇ ಸಲ ಸಿಕ್ಕರು, ಪಹಣಿಯಲ್ಲಿ (ಜಮೀನಿನ ಸರ್ಕಾರಿ ದಾಖಲೆ) ಅಪ್ಪನ ಹೆಸರಿನ ಕೊನೆಗೆ "ಅಯ್ಯ" ಇದೆ, ಆಧಾರ್‌ನಲ್ಲಿ ಇಲ್ಲ, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ ತನ್ನಿ ಎಂದರು. ನಾಲ್ಕನೇ ಸಲ ಅಫಿಡವಿಟ್ ಕೊಟ್ಟರೆ, ವಂಶವೃಕ್ಷ ಮಾಡಿಸಿಲ್ವಾ, ಮೊದಲು ಅದು ಬೇಕಲ್ಲ ಎಂದರು. ಇದಿಷ್ಟನ್ನೂ ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಎರಡು ಸಲದ ಓಡಾಟ ತಪ್ಪುತ್ತಿತ್ತು. ನನಗೆ ಸರ್ಕಾರಿ ಕಚೇರಿಯ ಮೇಲಿರುವ ದೊಡ್ಡ ದೂರು ಇದೇ. ಕೆಲಸ ನಿಧಾನ ಆಗೋದನ್ನು ಹೇಗೋ ತಡೆದುಕೊಳ್ಳಬಹುದು, ಏನೇನು ಬೇಕು ಅಂತ ಒಟ್ಟಿಗೆ ಹೇಳದೆ ಇರೋದನ್ನು ತಡೆದುಕೊಳ್ಳೋಕಾಗಲ್ಲ.

ಗ್ರಾಮ ಆಡಳಿತ ಅಧಿಕಾರಿಗಳ ಪಾಡೂ ಸುಲಭದ್ದಲ್ಲ. ಒಬ್ಬೊಬ್ಬರ ವೃತ್ತಕ್ಕೆ ಹಲವು ಊರು ಸೇರಿರುತ್ತವೆ. ಚುನಾವಣೆ, ಬೆಳೆ ಪರಿಹಾರ, ಸಮೀಕ್ಷೆ ಎಲ್ಲ ಅವರ ತಲೆಗೇ. ಮೊಬೈಲ್ ಆಪ್‌ಗಳ ಹೊರೆ ತಾಳಲಾರದೆ 2024ರಲ್ಲಿ ಅವರು ಮುಷ್ಕರವನ್ನೇ ಹೂಡಿದ್ದರು. ಆದರೆ ಅಂದು ಬಿಸಿಲಲ್ಲಿ ಫೈಲ್ ಹಿಡಿದು ನಿಂತಿದ್ದ ನನಗೆ ಇದು ಯಾವುದೂ ತಲೆಗೆ ಹೋಗಲಿಲ್ಲ. ಖಾಸಗಿಯವರಾಗಿದ್ದರೆ ಇಷ್ಟೊತ್ತಿಗೆ ಮುಗಿಸಿ ಕಳಿಸುತ್ತಿದ್ದರು ಅನ್ನೋದೊಂದೇ ತಲೆಯಲ್ಲಿತ್ತು.

ಎದುರಿನ ಆಫೀಸಿಗೆ ಗಾಜಿನ ಬಾಗಿಲು, ಒಳಗೆ ಎಸಿ, ಮೂರು ಕಂಪ್ಯೂಟರ್. "ಸಾರ್, ನೀವ್ಯಾಕ್ ಅಲೀತೀರಾ? ಕಾಗದ ಕೊಟ್ಟೋಗಿ, ಹದಿನೈದ್ ದಿನಕ್ಕೆ ಪಹಣಿ ವಾಟ್ಸಾಪ್‌ಗೆ ಹಾಕ್ತೀನಿ" ಅಂದ ಅಲ್ಲಿದ್ದವನು. ಅವನ ಫೀಸು ₹10,000, "ಒಳಗೆ ಕೊಡೋಕೆ" ₹8,000. ಫೋನ್‌ಪೇ ಮಾಡಿದೆ. ರಸೀದಿ ಕೇಳಲಿಲ್ಲ. ಮೂರು ಕಾಗದ ಮುಂದಿಟ್ಟ. ಮಧ್ಯೆ ಜಾಗ ಖಾಲಿ ಬಿಟ್ಟಿದ್ದರು, ಟೈಪ್ ಆಮೇಲೆ ಮಾಡ್ತೀವಿ ಅಂದ. ಸಹಿ ಹಾಕಿದೆ. "ಒರಿಜಿನಲ್ ತೋರಿಸಬೇಕಾಗುತ್ತೆ ಸಾರ್" ಅಂದಾಗ ಅಪ್ಪ 1986ರಲ್ಲಿ ಬರೆಸಿಕೊಂಡಿದ್ದ ಕ್ರಯಪತ್ರವನ್ನೂ ಕೊಟ್ಟುಬಂದೆ. ಓದದೆ ಸಹಿ ಹಾಕಿದ್ದು ಪೂರಾ ನನ್ನ ತಪ್ಪು, ಅದನ್ನು ಯಾರ ತಲೆಗೂ ಕಟ್ಟಲಾರೆ.

ಸುಮಾರು ಒಂದು ತಿಂಗಳಾದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. "ಅಪ್ಪಂಗೆ ನೀನೊಬ್ನೇ ಹುಟ್ಟಿದ್ದೇನೋ?" ಅಂದಳು. ನನಗೆ ಅರ್ಥವೇ ಆಗಲಿಲ್ಲ. ಚಾವಡಿಯಲ್ಲಿ ಅಂಟಿಸಿದ್ದ ಮ್ಯುಟೇಶನ್ (ಖಾತೆ ಬದಲಾವಣೆ) ನೋಟಿಸಿನ ಫೋಟೋವನ್ನು ಊರಿನವರೊಬ್ಬರು ಅವಳಿಗೆ ಕಳಿಸಿದ್ದರು. ಅದರಲ್ಲಿ ಅಮ್ಮನ ಹೆಸರು, ನನ್ನ ಹೆಸರು ಮಾತ್ರ. ಮಾರನೇ ದಿನವೇ ಅವಳು ತಕರಾರು ಅರ್ಜಿ ಕೊಟ್ಟಳು, ಕೊಟ್ಟಿದ್ದೇ ಸರಿ.

ನಾನು ಕಚೇರಿಗೆ ಓಡಿ ಫೈಲ್ ತೆಗೆಸಿ ನೋಡಿದೆ. ವಂಶವೃಕ್ಷದಲ್ಲಿ ಮೇಲೆ ಅಪ್ಪನ ಹೆಸರಿನ ಚೌಕ, ಪಕ್ಕದಲ್ಲಿ ಅಮ್ಮ, ಅಲ್ಲಿಂದ ಕೆಳಗೆ ಒಂದೇ ಗೆರೆ, ಅದರ ತುದಿಗೆ ನಾನು. ಅಕ್ಕ ಇರಬೇಕಾದ ಜಾಗ ಬರೀ ಬಿಳಿ. ಕೆಳಗೆ "ಮೇಲ್ಕಂಡವರನ್ನು ಬಿಟ್ಟು ಬೇರೆ ವಾರಸುದಾರರು ಇರುವುದಿಲ್ಲ" ಅನ್ನೋ ಅಫಿಡವಿಟ್. ಅದರ ಬುಡದಲ್ಲಿ ನನ್ನ ಸಹಿ.

ಗಾಜಿನ ಬಾಗಿಲಿನ ಆಫೀಸಿನವನು ಕೊಟ್ಟ ಉತ್ತರ ಇದು: "ಎಲ್ರೂ ಹಿಂಗೇ ಮಾಡ್ಸೋದು ಸಾರ್. ಹೆಣ್ಮಕ್ಳನ್ನ ಸೇರ್ಸಿದ್ರೆ ಅವ್ರ ಆಧಾರ್ ಬೇಕು, ಸಹಿ ಬೇಕು, ಕೆಲಸ ಎಳೆಯುತ್ತೆ." ಬೇಗ ಮಾಡಿಕೊಡುತ್ತೇನೆ ಅಂದದ್ದರ ಗುಟ್ಟು ಇಷ್ಟೇ ಆಗಿತ್ತು. ಅಪ್ಪ ಉಯಿಲು ಬರೆಯದೆ ಹೋದರೆ ಅವರ ಸ್ವಯಾರ್ಜಿತದಲ್ಲಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಅಂತ 2005ರಲ್ಲಿ ತಿದ್ದುಪಡಿ ಆಯಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಮದುವೆಯಾಗಿ ಹೋದವಳು ಅಂತ ಹೆಸರು ಬಿಡಲು ಯಾರಿಗೂ ಅಧಿಕಾರವಿಲ್ಲ. ಅಕ್ಕ ಪಾಲು ಬೇಡ ಅನ್ನುವುದಿದ್ದರೂ ಅವಳಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಖುಲಾಸೆ ಪತ್ರ ನೋಂದಣಿ ಮಾಡಿಸಬೇಕು.

ಬ್ಯಾಂಕು ಎಂಟು ದಿನದಲ್ಲಿ ಮುಗಿಸಿದ್ದು ಹೇಗೆ ಅನ್ನೋದು ಆಮೇಲೆ ಹೊಳೆಯಿತು. ಅಲ್ಲಿ ಅಪ್ಪ ಅಮ್ಮನನ್ನು ನಾಮಿನಿ ಮಾಡಿದ್ದರು. ನಾಮಿನಿ ಕೈಗೆ ದುಡ್ಡು ಕೊಟ್ಟರೆ ಬ್ಯಾಂಕಿನ ಹೊಣೆ ತೀರಿತು, ಉಳಿದ ವಾರಸುದಾರರು ಯಾರು ಅಂತ ವಿಚಾರಿಸುವ ಕೆಲಸ ಅದಕ್ಕಿಲ್ಲ. ಪಹಣಿಗೆ ನಾಮಿನಿ ಇಲ್ಲ. ಅದಕ್ಕೇ ನೋಟಿಸ್ ಅಂಟಿಸಬೇಕು, ಆಕ್ಷೇಪಣೆಗೆ ದಿನ ಕೊಡಬೇಕು, ತಕರಾರು ಬಂದರೆ ವಿಚಾರಣೆ ಮಾಡಬೇಕು. ನಾನು ಶಾಪ ಹಾಕಿದ್ದ ಆ ವಿಳಂಬದಲ್ಲಿ ಸೋಮಾರಿತನವೂ ಇತ್ತು, ಅಕ್ಕನನ್ನು ಕಾಯುವ ಈ ದಿನಗಳೂ ಇದ್ದವು. ಎರಡನ್ನೂ ಒಂದೇ ಅಂದುಕೊಂಡುಬಿಟ್ಟಿದ್ದೆ.

ಹಾಗಂತ ಕಚೇರಿಯವರನ್ನು ಹೊಗಳುವಂತಿಲ್ಲ. ವಂಶವೃಕ್ಷ ಕೊಡುವ ಮುಂಚೆ ಊರಿಗೆ ಬಂದು ನೆರೆಹೊರೆಯ ನಾಲ್ಕು ಜನರನ್ನು ಕೇಳಿದ್ದರೆ ಅಕ್ಕನ ಹೆಸರು ಮೊದಲ ಬಾಯಲ್ಲೇ ಬರುತ್ತಿತ್ತು. ಕೇಳಲಿಲ್ಲ, ಕೂತಲ್ಲೇ ಸಹಿಯಾಗಿದೆ. ಆದರೆ ಅವರ ತಪ್ಪಿಗೆ ಮೇಲೆ ಹೇಳಿಕೊಳ್ಳಲು ಜಾಗವಿದೆ. ತಹಶೀಲ್ದಾರ್ ಇದ್ದಾರೆ, ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆ, ಮಾಹಿತಿ ಹಕ್ಕು ಇದೆ, ಲೋಕಾಯುಕ್ತ ಇದೆ. ಖಾಸಗಿಯವನ ವಿಷಯದಲ್ಲಿ ನನ್ನ ಕೈಯಲ್ಲಿದ್ದದ್ದು ಫೋನ್‌ಪೇಯ ಒಂದು ಸಾಲು, ಅದೂ ಬೇರೆ ಯಾರದ್ದೋ ಹೆಸರಿಗೆ ಹೋಗಿತ್ತು. ಎರಡನೇ ಸಲ ಹೋದಾಗ ಗಾಜಿನ ಬಾಗಿಲಿಗೆ ಬೀಗ, ಫೋನ್ ಸ್ವಿಚ್ ಆಫ್. ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಕ್ರಯಪತ್ರ ಇವತ್ತಿಗೂ ವಾಪಸ್ ಬಂದಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ತೆಗೆಸಿ ಇಟ್ಟುಕೊಂಡಿದ್ದೇನೆ. ಕೊನೇ ಪುಟದಲ್ಲಿ ಅಪ್ಪ ಇಂಕಿನಲ್ಲಿ ಹಾಕಿದ್ದ ಸಹಿ ಆ ನಕಲಿನಲ್ಲಿ ಬರೀ ಕಪ್ಪು ಮಸಿಯಾಗಿ ಕಾಣುತ್ತದೆ.

ಹಳೇ ಅರ್ಜಿ ವಾಪಸ್ ತೆಗೆದುಕೊಂಡು ಮೂವರ ಹೆಸರಿನ ಹೊಸ ವಂಶವೃಕ್ಷ ಮಾಡಿಸಿ ನಾನೇ ಅರ್ಜಿ ಹಾಕಿದೆ. ಈ ಸಲ ಸಕಾಲ (ಸರ್ಕಾರಿ ಸೇವೆ ಗೊತ್ತುಮಾಡಿದ ದಿನದೊಳಗೆ ಕೊಡಬೇಕು ಅನ್ನೋ ಯೋಜನೆ) ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೈಗೆ ಬರುವ ತನಕ ಕೌಂಟರ್ ಬಿಟ್ಟು ಕದಲಲಿಲ್ಲ. ದಯವಿಟ್ಟು ನೀವೂ ಹಾಗೇ ಮಾಡಿ. ಸಕಾಲ 2012ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿದೆ. ಹೇಳಿದ ದಿನದೊಳಗೆ ಸೇವೆ ಸಿಗದಿದ್ದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ ಕೇಳಬಹುದು. ದುಡ್ಡು ಚಿಕ್ಕದೇ. ಆದರೆ ಆ ಸಂಖ್ಯೆ ಇಲ್ಲದಿದ್ದರೆ ನೀವು ಅರ್ಜಿ ಕೊಟ್ಟಿದ್ದೀರಿ ಅನ್ನೋದಕ್ಕೇ ಸಾಕ್ಷಿ ಇರಲ್ಲ. ನನ್ನ ಮೊದಲ ನಾಲ್ಕು ಓಡಾಟದಲ್ಲಿ ಅದು ಇರಲಿಲ್ಲ, ನಾನೂ ಕೇಳಿರಲಿಲ್ಲ. ಇನ್ನೊಂದು, "ಫೈಲ್ ಮೇಲಕ್ಕೆ ತರಿಸ್ತೀನಿ" ಅನ್ನುವವರನ್ನು ನಂಬಬೇಡಿ. ಪಹಣಿ, ಖಾತೆ ಕೆಲಸ ನಡೆಯುವ ಸರ್ಕಾರದ "ಭೂಮಿ" ತಂತ್ರಾಂಶವನ್ನು ಕಟ್ಟಿರುವುದೇ ಮೊದಲು ಬಂದ ಅರ್ಜಿ ಮೊದಲು ಹೋಗುವ ಹಾಗೆ. ಅರ್ಜಿ ಎಲ್ಲಿದೆ ಅನ್ನೋದನ್ನು ಮನೆಯಲ್ಲೇ ಕೂತು ನೋಡಬಹುದು. ಮೂಲ ಪತ್ರ ತೋರಿಸಿ, ಆದರೆ ಕೈಯಿಂದ ಬಿಡಬೇಡಿ, ಜೆರಾಕ್ಸ್ ಮಾತ್ರ ಕೊಡಿ. ಅರ್ಜಿ ಬರೆಸಲು ಯಾರದ್ದಾದರೂ ನೆರವು ಬೇಕಿದ್ದರೆ ತಪ್ಪಿಲ್ಲ, ಬರೆದದ್ದನ್ನು ಪೂರಾ ಓದಿಸಿಕೊಂಡು ಆಮೇಲೆ ಸಹಿ ಹಾಕಿ.

ಎರಡು ತಿಂಗಳೊಳಗೆ ಕೆಲಸ ಆಯಿತು. ಕಚೇರಿಗೆ ಕಟ್ಟಿದ ಶುಲ್ಕಕ್ಕಿಂತ ಬಸ್ ಚಾರ್ಜಿಗೇ ಹೆಚ್ಚು ಹೋಯಿತು. ಪಹಣಿಯಲ್ಲಿ ಮಾಲೀಕರ ಹೆಸರು ಬರುವ ಕಾಲಂ 9ರಲ್ಲಿ ಈಗ ಅಮ್ಮ, ಅಕ್ಕ, ನಾನು, ಮೂವರೂ ಇದ್ದೇವೆ. ಒಂದು ಪ್ರತಿ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಅವಳು ಬಾಗಿಲಲ್ಲೇ ನಿಂತು ಓದಿದಳು, ಮಡಿಸಿ ಒಳಗೆ ಬೀರುವಿನಲ್ಲಿಟ್ಟು ಬಂದಳು. "ಕೈಕಾಲ್ ತೊಳ್ಕೋ, ಮುದ್ದೆ ಆರೋಗ್ತದೆ" ಅಂದಳು.